ಹರಿದಾಸರ ಗೃಹವೂ ಹರಿಯ ಸ್ವಾತಂತ್ರ್ಯವೂ

ಜಗತ್ತಿನ ಸಮಸ್ತ ವ್ಯಾಪಾರವೂ ಶ್ರೀಹರಿಯ ಅಧೀನವೆಂಬುದನ್ನು ವಾದದಲ್ಲಿ ಸಾಧಿಸಿದಷ್ಟು ಸುಲಭವಾಗಿ, ದಾಯಾದಿಗಳು ಹೊಲವನ್ನು ಕಸಿದುಕೊಂಡ ದಿನವಾಗಲಿ, ಮನೆಯವರ ಬಿರುನುಡಿಗೆ ನೊಂದು ಹಸಿದ ಹೊಟ್ಟೆಯಲ್ಲಿ ಹೊಸಿಲು ದಾಟಿದ ದಿನವಾಗಲಿ, ಆ ಮಾತನ್ನು ನಂಬಿ ಬಾಳುವುದು ಯಾರಿಗೂ ಸುಲಭವಲ್ಲ. ಕನ್ನಡದ ಹರಿದಾಸ ಸಾಹಿತ್ಯವು ನನಗೆ ಅತ್ಯಂತ ಆದರಣೀಯವಾಗಿ ತೋರುವುದು, ಕಠಿನತರವಾದ ಈ ಕಾರ್ಯವನ್ನು ಅದು ಕೈಗೊಂಡ ಕಾರಣದಿಂದ. ಸಂಸ್ಕೃತದ ಪ್ರಕರಣಗ್ರಂಥಗಳಲ್ಲಿ ನಿರೂಪಿತವಾದ ಒಂದು ತತ್ತ್ವವು ಐದಾರು ಶತಮಾನಗಳ ಅವಧಿಯಲ್ಲಿ ಕನ್ನಡ ಗೃಹಸ್ಥರ ಅಡುಗೆಮನೆ, ಜಗಲಿ, ಹೊಲಗದ್ದೆಗಳವರೆಗೆ ನಡೆದುಬಂದ ದಾರಿಯನ್ನು ಇಲ್ಲಿ ಸಮೀಕ್ಷಿಸುತ್ತೇನೆ.

13ನೆಯ ಶತಮಾನದಲ್ಲಿ ಶ್ರೀಮಧ್ವಾಚಾರ್ಯರು ತಮ್ಮ ‘ತತ್ತ್ವಸಂಖ್ಯಾನ’ದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರವೆಂದೂ ಅಸ್ವತಂತ್ರವೆಂದೂ ಇಬ್ಬಗೆಯಾಗಿ ವಿಂಗಡಿಸಿ, ವಿಷ್ಣುವೊಬ್ಬನೇ ಸ್ವತಂತ್ರನು, ಮಿಕ್ಕುದೆಲ್ಲವೂ ಅವನಿಗೆ ಅಧೀನವು ಎಂದು ನಿರ್ಣಯಿಸಿದರು. ವಿಚಾರವು ಇಷ್ಟಕ್ಕೇ ನಿಂತಿದ್ದ ಪಕ್ಷದಲ್ಲಿ ಈ ಸಿದ್ಧಾಂತವು ತಪ್ಪಿತಸ್ಥರಿಗೆಲ್ಲ ಒಳ್ಳೆಯ ಆಶ್ರಯವಾಗುತ್ತಿತ್ತು. ಹೆಂಡತಿಯನ್ನು ಪೀಡಿಸಿದವನೂ ಒಡಹುಟ್ಟಿದವನನ್ನು ವಂಚಿಸಿದವನೂ ಎಲ್ಲವೂ ಹರಿಯ ಇಚ್ಛೆಯೆಂದು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಬ್ರಹ್ಮಸೂತ್ರದ ದ್ವಿತೀಯಾಧ್ಯಾಯದಲ್ಲಿ ಜೀವನ ಕರ್ತೃತ್ವವನ್ನು ವಿಚಾರಿಸುವ ಸ್ಥಳದಲ್ಲಿ, ಸೂತ್ರಕಾರರೇ ಕೊಟ್ಟ ಬಡಗಿಯ ದೃಷ್ಟಾಂತವನ್ನು ಆಚಾರ್ಯರು ಬಿಡಿಸಿಟ್ಟಿರುವ ಬಗೆಯನ್ನು ಗಮನಿಸಬೇಕು: ಬಡಗಿಯು ಕೆಲಸ ಮಾಡಿಸುವವನ ಕಟ್ಟಳೆಗೆ ಒಳಪಟ್ಟವನಾದರೂ ಕೆಲಸವನ್ನು ಮಾಡುವವನು ತಾನೇ ಆಗಿರುವಂತೆ, ಜೀವನಿಗೂ ಪರಾಧೀನವಾದ, ಆದರೂ ಸತ್ಯವಾದ, ಕರ್ತೃತ್ವವುಂಟು. ಮುಂದೆ ದಾಸರ ಪದಗಳಲ್ಲಿ ದೂರೂ ನಂಬಿಕೆಯೂ ಒಂದೇ ನಾಲಗೆಯ ಮೇಲೆ ನೆಲೆಸಲು ಎಡೆಯಾದದ್ದು ಈ ಸೂಕ್ಷ್ಮದಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲವನ್ನೂ ಮಾಡಿಸುವವನು ಹರಿಯೆಂದು ಒಪ್ಪಿದ ದಾಸನು, ಮಾಡಿದವನ ತಪ್ಪನ್ನು ತಪ್ಪೆಂದೇ ಹೇಳಿದನು.

15ನೆಯ ಶತಮಾನದಲ್ಲಿ ಮುಳಬಾಗಿಲಿನ ಶ್ರೀಪಾದರಾಜರೂ, ಅವರ ತರುವಾಯ ವಿಜಯನಗರದಲ್ಲಿ ವ್ಯಾಸರಾಯರೂ ಈ ತತ್ತ್ವಕ್ಕೆ ಕನ್ನಡದ ಹಾಡಿನ ರೂಪವನ್ನಿತ್ತರು. ಅವರಿಬ್ಬರೂ ಯತಿಗಳು, ಸಂಸಾರದ ತಾಪವನ್ನು ಕಂಡು ಕರಗಿದವರೇ ಹೊರತು ಅದರೊಳಗೆ ಬೆಂದವರಲ್ಲ. ಗೃಹಸ್ಥನ ಧ್ವನಿ ತುಂಬುಕಂಠದಿಂದ ಕೇಳಿಬರುವುದು ವ್ಯಾಸರಾಯರ ಶಿಷ್ಯರಾದ ಪುರಂದರದಾಸರಲ್ಲಿ. ಮಗನ ಉಪನಯನಕ್ಕೆಂದು ಬೇಡಬಂದ ಬ್ರಾಹ್ಮಣನಿಗೆ ಬಿಡಿಗಾಸನ್ನೂ ಕೊಡದೆ ಅಲೆಯಿಸಿದ, ಮುಂದೆ ಪುರಂದರದಾಸರೆನಿಸಿದ ಧನಿಕ ಶ್ರೀನಿವಾಸನಾಯಕನ ಕಥೆಯನ್ನೂ, ಗಂಡನಿಗೆ ತಿಳಿಯದಂತೆ ಮೂಗುತಿಯನ್ನು ದಾನಮಾಡಿದ ಆತನ ಮಡದಿಯ ಸಂಕಟವನ್ನೂ ಅರಿಯದ ಕನ್ನಡಿಗರಿಲ್ಲ. ಈ ಐತಿಹ್ಯದಲ್ಲಿ ನನ್ನ ಮನಸ್ಸನ್ನು ಸೆಳೆಯುವುದು ಪವಾಡವಲ್ಲ, ಗಂಡಹೆಂಡಿರ ನಡುವಣ ಒಡಕು. ಲೋಭವು ಗಂಡನ ದೋಷ. ಮುಚ್ಚುಮರೆಯು ಹೆಂಡತಿ ಭಯದಿಂದ ಹಿಡಿದ ಹಾದಿ. ಭಗವಂತನು ಆ ಮನೆಯನ್ನು ಪ್ರವೇಶಿಸಿದ್ದು ಇವೆರಡರ ನಡುವಿನ ಬಿರುಕಿನ ಮೂಲಕ. ತಮಗೆ ಒದಗಿದ್ದೆಲ್ಲ ಒಳಿತೇ ಆಯಿತೆಂದು ದಾಸರು ಮುಂದೆ ಹಾಡಿದ ಪ್ರಸಿದ್ಧವಾದ ಕೀರ್ತನೆಯಲ್ಲಿ, ತಮ್ಮನ್ನು ಈ ದಾರಿಗೆ ಹಚ್ಚಿದ ಮಡದಿಯ ಉಪಕಾರಸ್ಮರಣೆಯೂ ಇದೆ.

ಪುರಂದರದಾಸರ ಸಮಕಾಲೀನರಾದ ಕನಕದಾಸರು ಇದೇ ವಿಷಯವನ್ನು ಆತ್ಮಕಥನದಿಂದ ಕಾವ್ಯಕಥನಕ್ಕೆ ತಿರುಗಿಸಿದರು. ಮೂಲಭಾರತದಲ್ಲಿ ಬೃಹದಶ್ವ ಮುನಿಯು ಜೂಜಿನಲ್ಲಿ ರಾಜ್ಯವನ್ನು ಸೋತ ಧರ್ಮರಾಯನಿಗೆ ಹೇಳಿದ ನಳನ ವೃತ್ತಾಂತವನ್ನು ಅವರು ‘ನಳಚರಿತ್ರೆ’ಯಲ್ಲಿ ಭಾಮಿನಿಷಟ್ಪದಿಗೆ ಅಳವಡಿಸಿದಾಗ, ದಾಯಾದಿ ಪುಷ್ಕರನ ಕಪಟವೂ, ಕಲಿಯ ಪ್ರವೇಶವೂ, ಕಾಡಿನಲ್ಲಿ ನಿದ್ರಿಸುತ್ತಿದ್ದ ಹೆಂಡತಿಯನ್ನು ತೊರೆದುಹೋದ ಗಂಡನ ಅಪರಾಧವೂ ಸಾಮಾನ್ಯ ಓದುಗನ ಮನೆಯ ಮಾತಾದವು.

1565ರಲ್ಲಿ ವಿಜಯನಗರವು ಬಿದ್ದ ಮೇಲೆ ದಾಸವಾಣಿ ಕೆಲಕಾಲ ಕ್ಷೀಣಿಸಿ, 18ನೆಯ ಶತಮಾನದಲ್ಲಿ ಪುನಃ ಚಿಗುರಿದಾಗ ಅದರ ನೆಲೆ ಅರಮನೆಯ ನೆರೆಯಾಗಿರದೆ ಬಹುಮಟ್ಟಿಗೆ ರಾಯಚೂರು ಸೀಮೆಯ ಬಡಹಳ್ಳಿಗಳಾಗಿತ್ತು. ಬಾಗಲಕೋಟೆಯ ಪ್ರಸನ್ನವೆಂಕಟದಾಸರು ಅತ್ತಿಗೆಯಿಂದ ಮಜ್ಜಿಗೆಯ ಬದಲು ಮೂದಲಿಕೆಯನ್ನು ಪಡೆದು ತಿರುಪತಿಯ ಹಾದಿ ಹಿಡಿದರೆಂದು ಸಂಪ್ರದಾಯವು ನೆನೆಯುತ್ತದೆ; ಮಾನ್ವಿಯ ಬಳಿಯ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು ದಾರಿದ್ರ್ಯದ ಬೇಗೆಯಿಂದ ಮನೆ ಬಿಟ್ಟವರು; ಅವರ ಶಿಷ್ಯರಾದ ಗೋಪಾಲದಾಸರು ಎಳವೆಯಲ್ಲಿ ತಂದೆಯನ್ನು ಕಳೆದುಕೊಂಡು, ದಾಯಾದಿಗಳ ದುರಾಶೆಯಿಂದ ನೆಲೆ ತಪ್ಪಿದರೆಂದು ಹೇಳುತ್ತಾರೆ. ಹೀಗೆ ಬಂಧುಗಳಿಂದ ನೊಂದವರೇ ಒಂದು ಪೀಳಿಗೆಯ ಗುರುಗಳಾದರು. ಅವರ ಸುಳಾದಿಗಳೆಂಬ ದೀರ್ಘ ಹಾಡುಗಳಲ್ಲಿ ತತ್ತ್ವವು ಮತ್ತೆ ಶಾಸ್ತ್ರೀಯವಾದ ಬಿಗಿಯನ್ನು ಪಡೆಯಿತು. ಆ ಬಿಗಿಯ ಪರಾಕಾಷ್ಠೆಯನ್ನು ಜಗನ್ನಾಥದಾಸರ 32 ಸಂಧಿಗಳ ‘ಹರಿಕಥಾಮೃತಸಾರ’ದಲ್ಲಿ ಕಾಣಬಹುದು. ಉಣ್ಣುವುದು, ಉಸಿರಾಡುವುದು ಮೊದಲಾದ ನಿತ್ಯಕ್ರಿಯೆಗಳಲ್ಲಿಯೂ ಒಳಗಿದ್ದು ನಡೆಯಿಸುವ ಭಗವಂತನನ್ನು ತೋರುವ ಆ ಗ್ರಂಥಕ್ಕೆ ನಾನು ತಲೆಬಾಗುತ್ತೇನೆ. ಆದರೂ ಸಂಸಾರದಲ್ಲಿ ಸೋತ ಜೀವಕ್ಕೆ ಅದಕ್ಕಿಂತ ಹತ್ತಿರವಾಗಿ ಮಾತನಾಡುವವಳು ಹೆಳವನಕಟ್ಟೆ ಗಿರಿಯಮ್ಮನೆಂದು ಹೇಳದಿರಲಾರೆ.

ರಾಣೆಬೆನ್ನೂರಿನ ಕಡೆಯವಳಾದ ಗಿರಿಯಮ್ಮ ಮಕ್ಕಳಿಲ್ಲದವಳು, ದಾಂಪತ್ಯದ ಸಾಧಾರಣ ಮಾರ್ಗದಲ್ಲಿ ನಡೆಯದವಳು, ಗಂಡನಿಗೆ ತಾನೇ ನಿಂತು ಎರಡನೆಯ ಮದುವೆ ಮಾಡಿಸಿದವಳು ಎಂದು ಪ್ರತೀತಿ. ಅಂಥವಳು ಕಥನಕ್ಕೆಂದು ಆರಿಸಿಕೊಂಡ ವಸ್ತುಗಳಲ್ಲಿ ಚಂದ್ರಹಾಸನ ಕಥೆಯೂ ಒಂದಾದದ್ದು ಆಕಸ್ಮಿಕವೆಂದು ನಾನು ಭಾವಿಸಲಾರೆ. ಲಕ್ಷ್ಮೀಶನ ‘ಜೈಮಿನಿಭಾರತ’ದಿಂದ ಮನೆಮನೆಗೂ ಪರಿಚಿತವಾದ ಆ ಕಥೆಯಲ್ಲಿ, ತಬ್ಬಲಿಯಾದ ರಾಜಕುಮಾರನನ್ನು ಕೊಲ್ಲಿಸಲು ಮಂತ್ರಿ ದುಷ್ಟಬುದ್ಧಿಯು ಮೂರು ಬಾರಿ ಹವಣಿಸುತ್ತಾನೆ. ಕಟುಕರು ಕನಿಕರಗೊಂಡು ಆರನೆಯ ಬೆರಳನ್ನಷ್ಟೇ ಕತ್ತರಿಸಿ ಬಿಡುತ್ತಾರೆ. ವಿಷವನ್ನು ಕೊಡೆಂದು ಮಗನಿಗೆ ಬರೆದ ಓಲೆಯನ್ನು ಮಂತ್ರಿಯ ಮಗಳು ವಿಷಯೆಯೇ ತಿದ್ದಿ, ಚಂದ್ರಹಾಸನ ಕೈಹಿಡಿಯುತ್ತಾಳೆ. ಚಂಡಿಕೆಯ ಗುಡಿಯಲ್ಲಿ ಹೊಂಚಿಟ್ಟ ಕತ್ತಿಗೆ ಅಳಿಯನ ಬದಲು ಸ್ವಂತ ಮಗ ಮದನನೇ ಈಡಾಗುತ್ತಾನೆ. ಪಾಪಿಯ ಸಂಕಲ್ಪವು ಒಂದೊಂದು ಸಲವೂ ಹರಿಸಂಕಲ್ಪದ ಸಾಧನವಾಗಿ ಪರಿಣಮಿಸುವುದನ್ನು ಇದಕ್ಕಿಂತ ಸ್ಫುಟವಾಗಿ ತೋರುವ ಕಥೆ ನಮ್ಮಲ್ಲಿ ಬೇರೊಂದಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿದಿದ್ದರೆ ಅದು ಬರಿಯ ದಂಡನೆಯ ಕಥೆಯಾಗುತ್ತಿತ್ತು. ಪುತ್ರಶೋಕದಿಂದ ದುಷ್ಟಬುದ್ಧಿಯೂ ಪ್ರಾಣಬಿಟ್ಟಾಗ, ಚಂದ್ರಹಾಸನು ದೇವಿಗೆ ತನ್ನ ದೇಹವನ್ನೇ ಒಪ್ಪಿಸಲು ಸಿದ್ಧನಾಗಿ, ಮಾವನನ್ನೂ ಮೈದುನನನ್ನೂ ಬದುಕಿಸಿಕೊಳ್ಳುತ್ತಾನೆ. ದೈವದಲ್ಲಿ ವಿಶ್ವಾಸವಿಟ್ಟವನಿಗೆ ಬಂಧುವಿನ ದ್ರೋಹವನ್ನು ಮರೆಮಾಚಬೇಕಾದ ಅಗತ್ಯವೂ ಇಲ್ಲ, ಅದಕ್ಕೆ ಪ್ರತೀಕಾರವನ್ನೆಸಗಬೇಕಾದ ಅಗತ್ಯವೂ ಇಲ್ಲ.

ಈ ಸಾಹಿತ್ಯವು ಮುದ್ರಣವನ್ನು ಕಂಡದ್ದು ತಡವಾಗಿ. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳ ಸಂಗ್ರಹವೊಂದನ್ನು ಹೊರತಂದರು. ಮುಂದೆ ಉಡುಪಿಯ ಪಾವಂಜೆ ಗುರುರಾಯರು, ಧಾರವಾಡದ ಕಡೆ ಬೆಟಗೇರಿ ಕೃಷ್ಣಶರ್ಮರು, ಲಿಂಗಸುಗೂರಿನಲ್ಲಿ ಗೋರೆಬಾಳ ಹನುಮಂತರಾಯರು ಪಟ್ಟ ಶ್ರಮಕ್ಕೆ ನಾಡು ಋಣಿಯಾಗಿದೆ. ಆದರೆ ಪದಗಳನ್ನು ದಾಸರ ಅಂಕಿತನಾಮಕ್ಕೂ ವಿಷಯಕ್ಕೂ ಅನುಸಾರವಾಗಿ ವಿಭಾಗಿಸುವ ರೂಢಿಯಿಂದ, ಯಾವ ಮನೆಯ ಯಾವ ಸಂಕಟದಲ್ಲಿ ಹುಟ್ಟಿದ ಹಾಡೆಂಬ ಸಂಪ್ರದಾಯದ ನೆನಪು ‘ವೈರಾಗ್ಯ’ವೆಂಬ ಶೀರ್ಷಿಕೆಯಡಿಯಲ್ಲಿ ಮುಚ್ಚಿಹೋಗುತ್ತದೆ. ಆ ನೆನಪನ್ನು ಈಗಲೂ ಉಳಿಸಿಕೊಂಡು ಬಂದಿರುವವರು ಕಥಾಕೀರ್ತನಕಾರರು, ಮತ್ತು ಕೈಬರಹದ ಹಾಡಿನ ಪುಸ್ತಕಗಳನ್ನು ತಾಯಿಯಿಂದ ಮಗಳಿಗೆ ದಾಟಿಸಿದ ಹೆಂಗಸರು. ಇನ್ನು ಮುಂದೆ ದಾಸಸಾಹಿತ್ಯದ ಸಂಪಾದನೆಗೆ ಕೈಹಾಕುವವರು ಮಠಗಳ ತಾಳೆಯೋಲೆಗಳನ್ನು ಬಿಚ್ಚುವುದರ ಜೊತೆಗೆ ಇಂಥ ಹೆಂಗಸರ ಪಕ್ಕದಲ್ಲಿ ಕುಳಿತು, ಹಾಡನ್ನೂ ಅದರ ಹಿಂದಿನ ಮನೆಯ ಕಥೆಯನ್ನೂ ಒಟ್ಟಿಗೆ ಬರೆದುಕೊಳ್ಳಬೇಕು.