ಒಡೆದ ಸಂಘದಲ್ಲಿ ಉಳಿದಿದ್ದ ನಂಬಿಕೆ

ಒಂದು ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದಾಗ ದೇವಾಲಯದ ಕಟ್ಟಡ, ಗುರುಗಳ ಸೇವೆ, ಹಿರಿಯರ ತ್ಯಾಗ ಇವುಗಳನ್ನು ಸ್ಮರಿಸುವುದು ವಾಡಿಕೆ. ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಉಚಿತವೆಂದು ನಮಗೆ ತೋರುತ್ತದೆ: ಜನರು ಕಟ್ಟಿಕೊಂಡ ಸಂಘ ಸಂಸ್ಥೆಗಳು ಯಾವುದರ ಬಲದಿಂದ ಬೆಳೆಯುತ್ತವೆ? ನಮ್ಮ ಸಭೆಗಳು ಬಹುಮಟ್ಟಿಗೆ ಇಲ್ಲಗಳ ಪಟ್ಟಿಯಿಂದಲೇ ಆರಂಭವಾಗುತ್ತವೆ. ಹಣವಿಲ್ಲ, ಯುವಕರು ಬರುವುದಿಲ್ಲ, ಒಗ್ಗಟ್ಟಿಲ್ಲ. ಬಿಸಿಲು ಬರಗಳನ್ನು ಕಂಡ ಬಳ್ಳಾರಿ ಸೀಮೆಯವರಿಗೆ ಇಂತಹ ಪಟ್ಟಿಯನ್ನು ಬರೆಯುವುದು ಕಷ್ಟವೇನಲ್ಲ. ಆದರೆ ನಮ್ಮ ನಾಡಿನಲ್ಲೇ ನಡೆದ ಒಂದು ಪ್ರಸಂಗವು ಬೇರೊಂದು ದಾರಿಯನ್ನು ತೋರಿಸುತ್ತದೆ.

ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲೆಂದು 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆಯು ಮುಂದೆ ಗ್ರಾಮಗಳ ಬಡವರ ನಡುವೆ ಕಾರ್ಯನಿರತವಾಯಿತು. 1984-85ರ ಸುಮಾರಿನಲ್ಲಿ ಅದರ ಪ್ರೋತ್ಸಾಹದಿಂದ ಹುಟ್ಟಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಆಗ ಸದಸ್ಯರು ಚಿಕ್ಕ ಚಿಕ್ಕ ಗುಂಪುಗಳಾಗಿ ಮೈರಾಡದ ಬಳಿಗೆ ಬಂದು, ತಾವು ಪಡೆದ ಸಾಲವನ್ನು ತೀರಿಸಲು ಸಿದ್ಧರೆಂದೂ, ಕೆಲವರ ಹಿಡಿತದಲ್ಲಿರುವ ಸಂಘಕ್ಕೆ ಮಾತ್ರ ಹಿಂದಿರುಗುವುದಿಲ್ಲವೆಂದೂ ತಿಳಿಸಿದರು. ಸಂಘವು ಮುರಿದಿತ್ತು, ಪರಸ್ಪರ ನಂಬಿಕೆ ಮುರಿದಿರಲಿಲ್ಲ. ಸಂಸ್ಥೆಯು ಆ ನಂಬಿಕೆಯನ್ನೇ ಬುನಾದಿಯಾಗಿ ಸ್ವೀಕರಿಸಿ, ಒಬ್ಬರನ್ನೊಬ್ಬರು ಬಲ್ಲ ಹದಿನೈದಿಪ್ಪತ್ತು ಮಂದಿ ತಾವೇ ಕೂಡಿಕೊಂಡು ಉಳಿತಾಯ ಮಾಡುವ, ತಾವೇ ಸಾಲ ಕೊಡುವ ಗುಂಪುಗಳಿಗೆ ಬೆಂಬಲವಿತ್ತಿತು. ಅಂದು ಅದರ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದವರು, 2000ದಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದ ಶ್ರೀ ಅಲೋಶಿಯಸ್ ಪ್ರಕಾಶ್ ಫರ್ನಾಂಡಿಸ್ ಅವರು.

1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿಗಳ ನೆರವು ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯು ದೇಶದಲ್ಲಿ ಆರಂಭವಾಯಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀ ಶಕ್ತಿ ಯೋಜನೆಯೂ ಬಂದಿತು. ಇಂದು ಸಿರುಗುಪ್ಪ, ಕುರುಗೋಡುಗಳ ತಾಯಂದಿರಿಗೆ ಚಿರಪರಿಚಿತವಾಗಿರುವ ಸ್ವಸಹಾಯ ಸಂಘದ ಹಿಂದೆ ಇಂತಹ ಇತಿಹಾಸವಿದೆಯೆಂಬುದನ್ನು ನಾವು ಮರೆಯಲಾಗದು.

ಇದೇ ತತ್ತ್ವವನ್ನು ದೂರದ ಅಮೆರಿಕದಲ್ಲಿಯೂ ಕೆಲವರು ಕಂಡುಕೊಂಡರು. ಡೇವಿಡ್ ಕೂಪರ್‌ರೈಡರ್ ಎಂಬ ಯುವ ಸಂಶೋಧಕರು 1980ರಲ್ಲಿ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಎಂಬ ಹೆಸರಾಂತ ಆಸ್ಪತ್ರೆಯಲ್ಲಿ ಅಧ್ಯಯನಕ್ಕೆ ತೊಡಗಿದಾಗ, ಅಲ್ಲಿನ ದೋಷಗಳಿಗಿಂತ ವೈದ್ಯರ ಪರಸ್ಪರ ಸಹಕಾರವೇ ಅವರ ಮನಸ್ಸನ್ನು ಸೆಳೆಯಿತು. ತಮ್ಮ ಗುರುಗಳಾದ ಸುರೇಶ್ ಶ್ರೀವಾಸ್ತವ ಅವರೊಡನೆ 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಈ ವಿಧಾನವನ್ನು ವಿವರಿಸಿದರು. ಇದನ್ನು ನಾವು ಗುಣಗ್ರಾಹಿ ಅನ್ವೇಷಣೆ ಎಂದು ಕರೆಯಬಹುದು. ಸಂಸ್ಥೆಯು ಅತ್ಯುತ್ತಮವಾಗಿ ನಡೆದ ಸಂದರ್ಭಗಳನ್ನು ಸದಸ್ಯರ ಬಾಯಿಂದಲೇ ಕೇಳುವುದು, ಅದರಿಂದ ಮುಂದಿನ ಕನಸನ್ನು ಕಾಣುವುದು, ಆ ಕನಸಿಗೆ ತಕ್ಕ ಯೋಜನೆ ಹಾಕುವುದು, ಅದನ್ನು ಕಾರ್ಯಗತಗೊಳಿಸುವುದು - ಇವೇ ಇದರ ನಾಲ್ಕು ಹಂತಗಳು.

1999ರಿಂದ 2001ರವರೆಗೆ ಕೆನಡಾದ ಒಂದು ಸಂಸ್ಥೆಯೊಡನೆ ಮೈರಾಡವು ಈ ವಿಧಾನವನ್ನು ನಮ್ಮ ಹಳ್ಳಿಗಳಿಗೂ ತಂದಿತು. ಸಮಸ್ಯೆಗಳನ್ನೇ ಮತ್ತೆ ಮತ್ತೆ ಎಣಿಸಿದರೆ ಜನರು ತಮ್ಮನ್ನು ದೀನರೆಂದೇ ಭಾವಿಸಿ ಹೊರಗಿನ ನೆರವಿಗೆ ಕಾಯುತ್ತಾರೆ, ನೆರವು ನಿಂತೊಡನೆ ಕೆಲಸವೂ ನಿಲ್ಲುತ್ತದೆ ಎಂಬ ಅನುಭವವೇ ಇದಕ್ಕೆ ಪ್ರೇರಣೆ.

ಇದು ಕೊರತೆಗಳನ್ನು ಮುಚ್ಚಿಡುವ ಉಪಾಯವಾಗಬಾರದು. ದೊಡ್ಡ ಸಂಘಗಳಲ್ಲಿ ನಡೆದ ದಬ್ಬಾಳಿಕೆಯನ್ನು ಸದಸ್ಯರು ನಿರ್ಭಯವಾಗಿ ಹೇಳಿದ್ದರಿಂದಲೇ ಹೊಸ ದಾರಿ ತೆರೆಯಿತು. ಬಡವರ ದೂರನ್ನು ಕೇಳದೆ ಬರಿಯ ಹೊಗಳಿಕೆಯನ್ನು ಕೇಳುವ ಸಭೆ ಗುಣಗ್ರಾಹಿಯಲ್ಲ, ಕಿವುಡು. ದೂರನ್ನು ಕೇಳಿದ ಮೇಲೆ ಕಟ್ಟುವ ಕೆಲಸವನ್ನು ಎಲ್ಲಿಂದ ತೊಡಗಬೇಕೆಂಬುದೇ ಇಲ್ಲಿಯ ಪ್ರಶ್ನೆ. ನಮ್ಮ ಸಂಡೂರಿನ ಲಂಬಾಣಿ ಕಸೂತಿಯು 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದದ್ದು ತಾಂಡಾದ ಹೆಂಗಸರ ಕೈಯಲ್ಲಿ ಮೊದಲಿನಿಂದಲೂ ಇದ್ದ ವಿದ್ಯೆಯಿಂದಲ್ಲವೇ?

ಹಸಿದ ಜನಸಮೂಹದ ಮುಂದೆ ನಮ್ಮ ಪ್ರಭುಗಳು ಶಿಷ್ಯರನ್ನು ಮೊದಲು ಕೇಳಿದ್ದು ಅವರ ಬಳಿ ಎಷ್ಟು ರೊಟ್ಟಿಗಳಿವೆ ಎಂದು. ಎರಡನೆಯ ಶತಮಾನದ ಮೊದಲ ಸಭೆಯಲ್ಲಿ ನಾವೂ ಅದೇ ಬಗೆಯ ಪ್ರಶ್ನೆಯನ್ನು ಕೇಳೋಣ: ಈ ನೂರು ವರ್ಷಗಳಲ್ಲಿ ನಾವು ಒಬ್ಬರಿಗೊಬ್ಬರು ನಿಜವಾಗಿ ಆಸರೆಯಾದದ್ದು ಯಾವಾಗ, ಅದು ಹೇಗೆ ಸಾಧ್ಯವಾಯಿತು? ಉತ್ತರ ಬಲ್ಲ ವೃದ್ಧರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಹೇಳಬಲ್ಲಾಗಲೇ ಅದನ್ನು ಕೇಳಿ ಬರೆದಿಡುವುದು ನಮ್ಮೆಲ್ಲರ ಕರ್ತವ್ಯ.