ಜೋಕುಮಾರನ ಹಾದಿಯಲ್ಲಿ ಶಂಕರನಾಗ್

ಭಾದ್ರಪದ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಹೆಣ್ಣುಮಕ್ಕಳು ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಬರುತ್ತಾರೆ. ಏಳು ದಿನ ಬಾಳಿ ಮಡಿಯುವ ಈ ಮಳೆ-ಬೆಳೆಗಳ ದೈವವನ್ನು ಚಂದ್ರಶೇಖರ ಕಂಬಾರರು ‘ಜೋಕುಮಾರಸ್ವಾಮಿ’ ನಾಟಕವಾಗಿಸಿದರು. ಅದರ ಚಿತ್ರೀಕರಣಕ್ಕೆಂದು ಲೋಕಾಪುರಕ್ಕೆ ಹೊರಟಿದ್ದ ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಬಲಿಯಾದರು. ಆಗ ಅವರಿಗೆ ಕೇವಲ 35 ವರ್ಷ. ಅದೇ ಹೆದ್ದಾರಿಯಲ್ಲಿ ಮುಂದೆ ಸಿಗುವವು ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು, ಹಾವೇರಿ.

1954ರಲ್ಲಿ ಉತ್ತರ ಕನ್ನಡದ ಹೊನ್ನಾವರ ಸೀಮೆಯಲ್ಲಿ ಜನಿಸಿ, ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದ ಅವರು 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ನಾಡಿಗೆ ಪರಿಚಿತರಾದರು. 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಆರ್.ಕೆ. ನಾರಾಯಣರ ಮಾಲ್ಗುಡಿಯನ್ನು ಆಗುಂಬೆಯಲ್ಲಿ ಕಟ್ಟಿದರು. ಅಲ್ಲಿ ಗಿರೀಶ ಕಾರ್ನಾಡ, ಅನಂತನಾಗ್ ಮೊದಲಾದವರು ರಂಗದ ಶಿಸ್ತನ್ನೇ ಕಿರುತೆರೆಯಲ್ಲಿ ಮೆರೆದರು. ಮಾತು ಹಿಂದಿಯದಾದರೂ ಆ ದೊಡ್ಡಮನೆಯ ಜಗಲಿ, ಅಂಗಳ, ಮಳೆ ನಮ್ಮವೇ ಆಗಿದ್ದವು.

ಕಂಬಾರರ ನಾಟಕವನ್ನು ತರಗತಿಯಲ್ಲಿ ಬೋಧಿಸಿದ ನನಗೆ ಒಂದು ಕೊರಗು ಉಳಿದಿದೆ. ಕನ್ನಡದ ಮನೆಯನ್ನು ದೇಶಕ್ಕೆಲ್ಲ ತೋರಿಸಿದ ಕಲಾವಿದ, ಉತ್ತರದ ಈ ಗಂಡುಗನ್ನಡವನ್ನು ಆಡಲೆಂದು ನಮ್ಮ ಕಡೆಗೇ ಬರುತ್ತಿದ್ದಾಗ ಹಾದಿಯಲ್ಲೇ ನಿಂತುಹೋದ. ಅದು ಒಬ್ಬ ನಟನ ಮರಣವಷ್ಟೇ ಅಲ್ಲ. ನಮ್ಮ ನುಡಿಗೆ ಸಿಗದೆಹೋದ ಒಂದು ಕಂಠ.