'ಪ್ಯೂನಿ' ಶಬ್ದವಿಚಾರ

ಇಂಗ್ಲೆಂಡಿನ ಉಚ್ಚ ನ್ಯಾಯಾಲಯದಲ್ಲಿ ಮುಖ್ಯಸ್ಥರನ್ನುಳಿದ ನ್ಯಾಯಾಧೀಶರಿಗೆ 'ಪ್ಯೂನಿ' ಎಂಬ ವಿಶೇಷಣವುಂಟು. ಇದು ಪ್ರಾಚೀನ ಫ್ರೆಂಚ್ ಭಾಷೆಯ 'ಪ್ಯುಯಿ', 'ನೇ' ಎಂಬೆರಡು ಪದಗಳ ಸಮಾಸ. 'ಅನಂತರ ಹುಟ್ಟಿದವನು' ಎಂದರ್ಥ. ನಮ್ಮ 'ಅನುಜ' ಶಬ್ದದ ಭಾವವೂ ಇದೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಜಯಿಸಿದ ತರುವಾಯ ಅಲ್ಲಿಯ ನ್ಯಾಯಸ್ಥಾನಗಳಲ್ಲಿ ಫ್ರೆಂಚ್ ಮಾತು ಬಹುಕಾಲ ನಡೆಯಿತು; ಈ ಪದವು ಅದರ ಶೇಷ. ಲೋಕವ್ಯವಹಾರದಲ್ಲಿ ಇದೇ ಶಬ್ದವು ಉಚ್ಚಾರಕ್ಕೆ ತಕ್ಕ ಬೇರೆ ಅಕ್ಷರಗಳನ್ನು ತಳೆದು 'ದುರ್ಬಲ', 'ಕ್ಷುದ್ರ' ಎಂಬ ಅರ್ಥಕ್ಕಿಳಿಯಿತು. ನ್ಯಾಯಪೀಠದಲ್ಲಾದರೋ ಅದು ಸ್ಥಾನಕ್ರಮವನ್ನಲ್ಲದೆ ಯೋಗ್ಯತೆಯ ಕೊರತೆಯನ್ನು ಸೂಚಿಸದು.

1783ರಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯ ಸುಪ್ರೀಂ ಕೋರ್ಟಿಗೆ ಬಂದುದು ಈ ಅನುಜಪದವಿಗೇ. ಹಿಂದೂ ಧರ್ಮಶಾಸ್ತ್ರವನ್ನು ಮೂಲದಲ್ಲಿಯೇ ಓದಿ ತೀರ್ಪು ಕೊಡಬೇಕೆಂದು ಆತನು ಸಂಸ್ಕೃತವನ್ನು ಕಲಿತನು. 1786ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಏಕಮೂಲದವೆಂದು ಸಾರಿದನು. ಆತನ ಪದವಿಯ ಹೆಸರೇ ಅದಕ್ಕೆ ಸಾಕ್ಷಿ. 'ನೇ' ಎಂಬುದರ ಮೂಲವಾದ ಲ್ಯಾಟಿನ್ನಿನ 'ನಾತುಸ್' ಶಬ್ದವೂ ಸಂಸ್ಕೃತದ 'ಜಾತ'ವೂ 'ಅನುಜ'ದಲ್ಲಿಯ 'ಜ'ಕಾರವೂ ಒಂದೇ ಧಾತುವಿನ ಸಂತಾನ. ಜೋನ್ಸನು 1794ರಲ್ಲಿ ಕಾಲವಾಗುವವರೆಗೂ ಪ್ಯೂನಿಯಾಗಿಯೇ ಇದ್ದನು. ಪೀಠದಲ್ಲಿ ಹಿರಿಯನಾಗದಿದ್ದರೂ ವಿದ್ಯೆಯಲ್ಲಿ ಕಿರಿಯನೆನಿಸಲಿಲ್ಲ.